ಸ್ಪೋರ್ಟ್ ಮೋಡ್‌ಗೆ ಹಾಕಿದರೆ ಎಂಜಿನ್ನಿನ ಶಕ್ತಿ ಹೆಚ್ಚುತ್ತದೆಯೇ?

ಪ್ರಶ್ನೆ: ಬೆಂಗಳೂರಿನಲ್ಲಿದ್ದೇನೆ. 2021ರ ಮಾದರಿಯ ಬಿಎಂಡಬ್ಲ್ಯು ಎಂ340ಐ ಕಾರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದೇನೆ. ಕಂಫರ್ಟ್ ಮೋಡ್‌ನಲ್ಲಿ ಕಾರು ತೂಕಡಿಸಿದಂತೆ ಇರುತ್ತದೆ, ಸ್ಪೋರ್ಟ್‌ಗೆ ಹಾಕಿದ ತಕ್ಷಣ ಬೇರೆಯದೇ ಕಾರು ಅನಿಸುತ್ತದೆ. ಸ್ಪೋರ್ಟ್‌ನಲ್ಲಿ ಮೂವತ್ತು ನಲವತ್ತು ಎಚ್‌ಪಿ ಹೆಚ್ಚು ಬರುತ್ತದೆ ಎನ್ನುತ್ತಾನೆ ಗೆಳೆಯ. ಯಾವಾಗಲೂ ಸ್ಪೋರ್ಟ್‌ನಲ್ಲೇ ಓಡಿಸಿದರೆ ಎಂಜಿನ್ ಬೇಗ ಹಾಳಾಗುತ್ತದೆ ಎನ್ನುತ್ತಾರೆ ಮೆಕ್ಯಾನಿಕ್. ಯಾವುದು ನಿಜ? ಊರು ಮಂಗಳೂರು ಕಡೆ, ತಿಂಗಳಿಗೊಮ್ಮೆ ಶಿರಾಡಿ ಘಾಟಿ ಇಳಿಯಬೇಕು. ಅಲ್ಲಿ ಯಾವ ಮೋಡ್ ಒಳ್ಳೆಯದು? ಇನ್ನೊಂದು, ಪ್ರತಿ ಸಲ ಸ್ಟಾರ್ಟ್ ಮಾಡಿದಾಗಲೂ ಕಾರು ಕಂಫರ್ಟ್‌ಗೇ ಮರಳುವುದು ಏಕೆ?

ಉತ್ತರ: ನಿಮ್ಮ ಕಾರಿನ ಮಟ್ಟಿಗೆ ಗೆಳೆಯರ ಮಾತು ಸರಿಯಲ್ಲ. 2021ರಲ್ಲಿ ಚೆನ್ನೈ ಕಾರ್ಖಾನೆಯಲ್ಲಿ ಜೋಡಣೆಯಾಗಿ ಬಂದ ಎಂ340ಐನ ಮೂರು ಲೀಟರಿನ, ಆರು ಸಿಲಿಂಡರಿನ ಟರ್ಬೊ ಎಂಜಿನ್ 387 ಎಚ್‌ಪಿ ಶಕ್ತಿ, 500 ಎನ್‌ಎಂ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ಕಂಫರ್ಟ್ ಇರಲಿ, ಸ್ಪೋರ್ಟ್ ಇರಲಿ, ಆಕ್ಸಿಲರೇಟರನ್ನು ಪೂರ್ತಿ ತುಳಿದರೆ ಸಿಗುವುದು ಅಷ್ಟೇ. ಹಾಗೆಂದು ನಿಮಗೆ ಅನಿಸಿದ್ದು ಭ್ರಮೆಯಲ್ಲ. ಮೋಡ್ ಬದಲಿಸಿದಾಗ ಎಂಜಿನ್ನಿನ ಶಕ್ತಿಯ ಮಿತಿ ಬದಲಾಗುವುದಿಲ್ಲ. ನೀವು ಕಾಲು ಒತ್ತಿದ್ದಕ್ಕೂ ಎಂಜಿನ್ ಉತ್ತರ ಕೊಡುವುದಕ್ಕೂ ನಡುವಿನ ಲೆಕ್ಕ ಬದಲಾಗುತ್ತದೆ. ಈ ಲೆಕ್ಕ ಹೇಗೆ ನಡೆಯುತ್ತದೆ ಎಂದು ತಿಳಿದರೆ ಮಿಕ್ಕ ಪ್ರಶ್ನೆಗಳ ಉತ್ತರ ಸುಲಭ.

ಹಳೆಯ ಕಾರುಗಳಲ್ಲಿ ಪೆಡಲ್‌ನಿಂದ ಥ್ರಾಟಲ್‌ವರೆಗೆ, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಕವಾಟದವರೆಗೆ, ಒಂದು ಕೇಬಲ್ ಇರುತ್ತಿತ್ತು. ಕಾಲು ಎಷ್ಟು ಒತ್ತಿತೋ ಥ್ರಾಟಲ್ ಅಷ್ಟು ತೆರೆಯುತ್ತಿತ್ತು. ಈಗ ಕೇಬಲ್ ಇಲ್ಲ. ಪೆಡಲ್‌ನಲ್ಲಿ ಎರಡು ಸೆನ್ಸರ್‌ಗಳಿರುತ್ತವೆ. ಒಂದು ಕೆಟ್ಟರೆ ಗೊತ್ತಾಗಲಿ ಎಂದು ಎರಡು. ಅವು ಹೇಳುವ ಸ್ಥಾನವನ್ನು ಎಂಜಿನ್ ಕಂಪ್ಯೂಟರ್ ಥ್ರಾಟಲ್ ತೆರೆಯುವ ಆಜ್ಞೆ ಎಂದು ಓದುವುದೇ ಇಲ್ಲ. 'ಚಾಲಕನಿಗೆ ಇಷ್ಟು ಟಾರ್ಕ್ ಬೇಕು' ಎಂಬ ಬೇಡಿಕೆಯಾಗಿ ಓದುತ್ತದೆ. ಎಷ್ಟು ಒತ್ತಿದರೆ ಎಷ್ಟು ಟಾರ್ಕ್ ಎಂಬ ಕೋಷ್ಟಕ ಮೋಡ್‌ಗೊಂದರಂತೆ ಮೊದಲೇ ಬರೆದಿಟ್ಟಿರುತ್ತದೆ. ಕಂಫರ್ಟ್ ಕೋಷ್ಟಕದಲ್ಲಿ ಪೆಡಲ್‌ನ ಮೊದಲ ಮೂರನೇ ಒಂದು ಭಾಗ ಸಾವಧಾನ. ಸ್ಪೋರ್ಟ್‌ನಲ್ಲಿ ಅಷ್ಟೇ ಒತ್ತಿದರೆ ಹೆಚ್ಚು ಟಾರ್ಕ್ ಕೇಳಿದಂತೆ. ಮನೆಯ ಹಳೆಯ ತಿರುಪು ನಲ್ಲಿಯನ್ನು ತೆಗೆದು ಕಾಲು ಸುತ್ತಿಗೇ ಪೂರ್ತಿ ತೆರೆಯುವ ಹೊಸ ನಲ್ಲಿ ಹಾಕಿಸಿದರೆ, ನೀರು ರಭಸವಾಗಿ ಬಂತು ಅನಿಸುತ್ತದೆ. ಪೈಪಿನಲ್ಲಿ ಬರುವ ನೀರು ಮಾತ್ರ ಮೊದಲಿನಷ್ಟೇ. ಕೊನೆಗೆ ಎರಡೂ ಕೋಷ್ಟಕಗಳು ಒಂದೇ ಜಾಗಕ್ಕೆ ಬಂದು ಸೇರುತ್ತವೆ: ಪೂರ್ತಿ ಪೆಡಲ್, ಪೂರ್ತಿ ಟಾರ್ಕ್.

ಇಷ್ಟೇ ಆಗಿದ್ದರೆ ಸ್ಪೋರ್ಟ್ ಮೋಡ್ ಎಂದರೆ ಕಾಲಿಗೆ ಮಾಡುವ ಮೋಸ ಎಂದು ಹೇಳಿ ಮುಗಿಸಬಹುದಿತ್ತು. ಹಲವರು ಹಾಗೆ ಹೇಳುತ್ತಾರೆ ಕೂಡ. ಅದು ಅರ್ಧ ಸತ್ಯ. ಕೋಷ್ಟಕದ ಜೊತೆಗೆ ಕಾಲದ ಲೆಕ್ಕವೂ ಇದೆ. ನೀವು ಕಾಲು ಎತ್ತಿ ಮತ್ತೆ ಒತ್ತಿದಾಗ ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಶಿಯಲ್, ಎಂಜಿನ್ ಕೂತಿರುವ ರಬ್ಬರ್ ಮೌಂಟ್ ಇವೆಲ್ಲದರ ಸಣ್ಣ ಸಣ್ಣ ಸಡಿಲು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಿಗಿಯಾಗಬೇಕು. 500 ಎನ್‌ಎಂ ಒಮ್ಮೆಲೇ ಬಿದ್ದರೆ ಕಾರು ಜರ್ಕ್ ಹೊಡೆಯುತ್ತದೆ, ಹಿಂದಿನ ಸೀಟಿನಲ್ಲಿ ಕೂತವರ ತಲೆ ಹಿಂದಕ್ಕೆ ಬಡಿಯುತ್ತದೆ. ಅದಕ್ಕಾಗಿ ಕಂಪ್ಯೂಟರ್ ಟಾರ್ಕನ್ನು ಹಂತಹಂತವಾಗಿ ಏರಿಸುತ್ತದೆ. ಮೊದಲು ಸ್ವಲ್ಪ ಕೊಟ್ಟು ಸಡಿಲು ಬಿಗಿಮಾಡಿ, ಆಮೇಲೆ ಉಳಿದದ್ದನ್ನು ಬಿಡುತ್ತದೆ. ಕಂಫರ್ಟ್‌ನಲ್ಲಿ ಈ ಏರು ನಿಧಾನ, ಸ್ಪೋರ್ಟ್‌ನಲ್ಲಿ ಕಡಿದು. ಕಂಫರ್ಟ್‌ನಲ್ಲಿ ನಿಮಗೆ ಕಾಣುವ ತೂಕಡಿಕೆಯ ಒಂದು ಪಾಲು ಬೇಕೆಂದೇ ಇಟ್ಟ ಈ ತಡ.

ಇನ್ನು ಎಂಜಿನ್ನಿನ ಒಳಗೆ ನಡೆಯುವುದನ್ನು ನೋಡೋಣ. ಪೆಟ್ರೋಲ್ ಎಂಜಿನ್ನಿನ ಟಾರ್ಕ್ ಬದಲಿಸಲು ಎರಡು ದಾರಿ: ಗಾಳಿ ಮತ್ತು ಕಿಡಿ. ಕಿಡಿಯ ದಾರಿ ಬಲು ವೇಗ. 3,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 3,000 ಸುತ್ತು) ಆರು ಸಿಲಿಂಡರಿನ ಎಂಜಿನ್ನಿನಲ್ಲಿ ಪ್ರತಿ 6.7 ಮಿಲಿಸೆಕೆಂಡಿಗೆ ಒಂದು ಸಿಲಿಂಡರ್ ಉರಿಯುತ್ತದೆ. ಮುಂದಿನ ಕಿಡಿಯ ಸಮಯವನ್ನು ಹಿಂದೆ ಮುಂದೆ ಮಾಡಿದರೆ ಟಾರ್ಕ್ ಅಲ್ಲೇ ಬದಲಾಯಿತು. ಗಾಳಿಯ ದಾರಿ ನಿಧಾನ. ಥ್ರಾಟಲ್ ತೆರೆದು, ಸಿಲಿಂಡರುಗಳಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡ್ ತುಂಬಲು ಹಲವು ಹತ್ತು ಮಿಲಿಸೆಕೆಂಡು ಬೇಕು. ಟರ್ಬೊ ಇದ್ದರೆ ಇನ್ನೂ ನಿಧಾನ. ಹೊರಹೋಗುವ ಹೊಗೆ ಟರ್ಬೈನ್ ತಿರುಗಿಸಬೇಕು, ಅದು ಕಂಪ್ರೆಸರನ್ನು ತಿರುಗಿಸಬೇಕು, ಆಮೇಲೆ ಒತ್ತಡ ಏರಬೇಕು. ಕಡಿಮೆ ಆರ್‌ಪಿಎಂನಲ್ಲಿ ಇದಕ್ಕೆ ಒಂದು ಸೆಕೆಂಡ್, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಪಿಕಪ್ ಇಲ್ಲ ಎಂದು ಜನ ಬೈಯುವುದು ಹೆಚ್ಚಾಗಿ ಈ ಒಂದು ಸೆಕೆಂಡನ್ನೇ.

ಪರ್ಫಾರ್ಮೆನ್ಸ್ ಕಾರುಗಳ ಸ್ಪೋರ್ಟ್ ಮೋಡ್ ನಿಜವಾಗಿ ದುಡಿಯುವುದು ಇಲ್ಲಿ. ಟರ್ಬೊವಿನ ವೇಸ್ಟ್‌ಗೇಟ್ ಎಂಬ ಕವಾಟ ತೆರೆದಿದ್ದರೆ ಹೊಗೆ ಟರ್ಬೈನನ್ನು ಬಿಟ್ಟು ಪಕ್ಕದಿಂದ ಹೋಗುತ್ತದೆ. ಪೆಟ್ರೋಲ್ ಉಳಿಸಬೇಕಾದಾಗ ಅದು ತೆರೆದಿರುವುದೇ ಒಳ್ಳೆಯದು. ಸ್ಪೋರ್ಟ್‌ನಲ್ಲಿ ಅದನ್ನು ಮುಚ್ಚಿಟ್ಟು, ನೀವು ಇನ್ನೂ ಕೇಳದಿರುವಾಗಲೇ ಟರ್ಬೊವನ್ನು ತಿರುಗಿಸುತ್ತಿರಲು ಸಾಧ್ಯ. ಕೆಲವು ಎಂಜಿನ್‌ಗಳು ಇದರ ಮೇಲೆ ಟಾರ್ಕ್‌ನ ಮೀಸಲನ್ನೂ ಇಟ್ಟುಕೊಳ್ಳುತ್ತವೆ. ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಒಳಗೆ ತೆಗೆದುಕೊಂಡು, ಕಿಡಿಯನ್ನು ತಡಮಾಡಿ ಆ ಹೆಚ್ಚುವರಿಯನ್ನು ಅಡಗಿಸಿಡುತ್ತವೆ. ನೀವು ಒತ್ತಿದ ಕ್ಷಣ ಕಿಡಿ ಸರಿಯಾದ ಜಾಗಕ್ಕೆ ಬರುತ್ತದೆ, ಟಾರ್ಕ್ ಸಿದ್ಧವಾಗಿಯೇ ಇರುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಪೆಟ್ರೋಲ್ ಮತ್ತು ಬಿಸಿ. ಪೋರ್ಷೆ 911ರ ಸ್ಟೀರಿಂಗ್ ಮೇಲಿನ ಸ್ಪೋರ್ಟ್ ರೆಸ್ಪಾನ್ಸ್ ಗುಂಡಿ ಒತ್ತಿದರೆ 20 ಸೆಕೆಂಡ್ ಕಾಲ ಎಂಜಿನ್ನೂ ಗೇರ್‌ಬಾಕ್ಸೂ ಹೀಗೆ ತುದಿಗಾಲಲ್ಲಿ ನಿಲ್ಲುತ್ತವೆ. 20 ಸೆಕೆಂಡ್ ಕಳೆದರೆ ತಾನಾಗಿಯೇ ಇಳಿಯುತ್ತದೆ. ಆ ಸ್ಥಿತಿಯಲ್ಲಿ ಸದಾ ಇರುವುದು ದುಬಾರಿ ಎಂದು ತಯಾರಕರಿಗೆ ಗೊತ್ತು.

ಆದರೂ ನಿಮ್ಮ ಕಾರಿನಲ್ಲಿ ಎರಡು ಮೋಡ್‌ಗಳ ವ್ಯತ್ಯಾಸದ ದೊಡ್ಡ ಪಾಲು ಎಂಜಿನ್ನಿನದಲ್ಲ, ಗೇರ್‌ಬಾಕ್ಸಿನದು ಎಂಬುದು ನನ್ನ ಖಚಿತ ಅಭಿಪ್ರಾಯ. ಲೆಕ್ಕ ಹಾಕಿ ನೋಡಿ. ಎಂಟು ಗೇರಿನ ಆ ಝಡ್‌ಎಫ್ ಗೇರ್‌ಬಾಕ್ಸ್ ಕಂಫರ್ಟ್‌ನಲ್ಲಿ ಆದಷ್ಟು ಬೇಗ ಮೇಲಿನ ಗೇರಿಗೆ ಹೋಗಲು ನೋಡುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ 8ನೇ ಗೇರಿನಲ್ಲಿ ಎಂಜಿನ್ ಸುಮಾರು 1,200 ಆರ್‌ಪಿಎಂನಲ್ಲಿ ಇರುತ್ತದೆ. ಈ ಎಂಜಿನ್ನಿನ ಪೂರ್ತಿ ಟಾರ್ಕ್ ಸಿಗುವುದು ಸುಮಾರು 1,800ರಿಂದ 5,000 ಆರ್‌ಪಿಎಂವರೆಗೆ. ಅಂದರೆ ಎದುರಿನ ಲಾರಿಯನ್ನು ಓವರ್‌ಟೇಕ್ ಮಾಡಲು ನೀವು ಕಾಲು ಒತ್ತಿದಾಗ ಎಂಜಿನ್ ತನ್ನ ಬಲದ ವಲಯದ ಹೊರಗಿದೆ. ಗೇರ್‌ಬಾಕ್ಸ್ ಮೊದಲು ಅದನ್ನು ಗಮನಿಸಬೇಕು, ಮೂರು ನಾಲ್ಕು ಗೇರು ಇಳಿಯಬೇಕು, ಟರ್ಬೊ ಏಳಬೇಕು. ಸ್ಪೋರ್ಟ್‌ನಲ್ಲಿ ಅದೇ 80ರಲ್ಲಿ ಕಾರು 6ನೇ ಗೇರಿನಲ್ಲಿದ್ದರೆ ಸುಮಾರು 1,900, 5ನೇ ಗೇರಿನಲ್ಲಿದ್ದರೆ 2,400ರ ಆಸುಪಾಸು. ಒತ್ತುವ ಮೊದಲೇ ಎಂಜಿನ್ ಬಲದ ವಲಯದ ಒಳಗಿದೆ, ಹೊಗೆಯ ಹರಿವೂ ಹೆಚ್ಚಿದೆ. ಗೇರು ಬದಲಾಗುವ ವೇಗವೂ ಹೆಚ್ಚು. ನಿಮಗೆ ಬೇರೆಯದೇ ಕಾರು ಅನಿಸಿದ್ದು ಮುಖ್ಯವಾಗಿ ಇದರಿಂದ. ಕಂಫರ್ಟ್‌ನಲ್ಲೇ ಇದ್ದು ಸ್ಟೀರಿಂಗ್ ಹಿಂದಿನ ಪ್ಯಾಡಲ್‌ನಿಂದ ಎರಡು ಮೂರು ಗೇರು ಇಳಿಸಿ ನೋಡಿ. ಸ್ಪೋರ್ಟ್‌ನ ಅನುಭವದ ಹೆಚ್ಚಿನ ಭಾಗ ಅಲ್ಲೇ ಸಿಗುತ್ತದೆ.

ಸದ್ದಿನ ಪ್ರಭಾವವನ್ನೂ ಮರೆಯಬಾರದು. ಸ್ಪೋರ್ಟ್‌ನಲ್ಲಿ ಸೈಲೆನ್ಸರಿನ ಕವಾಟ ತೆರೆಯುತ್ತದೆ, ಸ್ಪೀಕರ್‌ಗಳಿಂದಲೂ ಎಂಜಿನ್ನಿನ ಧ್ವನಿ ಸೇರುತ್ತದೆ. ಕಿವಿಗೆ ಬಿದ್ದ ಗರ್ಜನೆಯನ್ನು ಮನಸ್ಸು ವೇಗ ಎಂದೇ ಓದಿಕೊಳ್ಳುತ್ತದೆ.

ಗೆಳೆಯರ ಮಾತಿಗೆ ಮೂಲ ಇಲ್ಲದಿಲ್ಲ. ಗುಂಡಿ ಒತ್ತಿದರೆ ನಿಜವಾಗಿಯೂ ಶಕ್ತಿ ಏರುವ ಕಾರುಗಳು ಬಂದಿವೆ. ಎಲ್ಲಕ್ಕಿಂತ ಹೆಸರಾದದ್ದು 2005ರಲ್ಲಿ ಮಾರುಕಟ್ಟೆಗೆ ಬಂದ ಬಿಎಂಡಬ್ಲ್ಯು ಎಂ5, ಕಂಪನಿಯ ಸಂಕೇತದಲ್ಲಿ ಇ60. ಐದು ಲೀಟರಿನ ವಿ10 ಎಂಜಿನ್, ಹತ್ತು ಸಿಲಿಂಡರಿಗೆ ಹತ್ತು ಪ್ರತ್ಯೇಕ ಥ್ರಾಟಲ್. ಸ್ಟಾರ್ಟ್ ಮಾಡಿದಾಗ ಆ ಕಾರು 400 ಅಶ್ವಶಕ್ತಿಗೆ ಕಟ್ಟುಬಿದ್ದಿರುತ್ತಿತ್ತು. ಪವರ್ ಎಂಬ ಗುಂಡಿ ಒತ್ತಿದರೆ 507. ಅದಕ್ಕೂ ಮೇಲೆ ಇನ್ನೊಂದು ಹಂತವಿತ್ತು, ಪಿ500 ಸ್ಪೋರ್ಟ್ ಎಂದು. ಅಲ್ಲಿ ಶಕ್ತಿ ಅದೇ 507, ಪೆಡಲ್‌ನ ಪ್ರತಿಕ್ರಿಯೆ ಮಾತ್ರ ಇನ್ನಷ್ಟು ಚುರುಕು. ಈ ಒಂದು ಕಾರು ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ತೋರಿಸಿಕೊಟ್ಟಿತು: 400ರಿಂದ 507ಕ್ಕೆ ಹೋಗುವುದು ಶಕ್ತಿಯ ಬದಲಾವಣೆ, ಅಲ್ಲಿಂದ ಸ್ಪೋರ್ಟ್‌ಗೆ ಹೋಗುವುದು ಸ್ಪಂದನೆಯ ಬದಲಾವಣೆ. ಅದಕ್ಕೂ ಮುಂಚಿನ ಇ46 ಎಂ3ನಲ್ಲಿದ್ದ ಸ್ಪೋರ್ಟ್ ಗುಂಡಿ ಮಾಡುತ್ತಿದ್ದುದು ಎರಡನೆಯದನ್ನು ಮಾತ್ರ. ಇಟಲಿಯ ಪುಟ್ಟ ಅಬಾರ್ತ್ 500ರಲ್ಲಿ ಸ್ಪೋರ್ಟ್ ಗುಂಡಿ ಒತ್ತಿದರೆ ಟಾರ್ಕ್ 180ರಿಂದ 206 ಎನ್‌ಎಂಗೆ ಏರುತ್ತಿತ್ತು. ಟರ್ಬೊವಿನ ಒತ್ತಡದ ಮಿತಿಯನ್ನೇ ಸಡಿಲಿಸುತ್ತಿದ್ದರು. ವಿದ್ಯುತ್ ಕಾರುಗಳಲ್ಲಿ ಇದು ಇನ್ನೂ ಸುಲಭ. ಹ್ಯುಂಡೈ ಐಯಾನಿಕ್ 5 ಎನ್‌ನ ಬೂಸ್ಟ್ ಗುಂಡಿ ಒತ್ತಿದರೆ 10 ಸೆಕೆಂಡ್ ಕಾಲ 448 ಕಿಲೋವ್ಯಾಟ್ ಇದ್ದದ್ದು 478 ಆಗುತ್ತದೆ. ಅಂಥ ಕಾರಿನ ವಿಷಯ ಕೇಳಿದವರು ಎಲ್ಲ ಕಾರಿಗೂ ಅದನ್ನೇ ಅನ್ವಯಿಸುವುದು ಸಹಜ. ನಿಮ್ಮ ಕಾರು ಆ ಜಾತಿಯದಲ್ಲ.

ಬೆಂಗಳೂರಿನ ವಿಷಯಕ್ಕೆ ಬಂದರೆ, ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿಯ ಸಾಂದ್ರತೆ ಮಂಗಳೂರಿಗಿಂತ ಶೇ 8ರಿಂದ 9ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಸರಿಸುಮಾರು ಅಷ್ಟೇ ಶಕ್ತಿಯನ್ನು ಇಲ್ಲಿ ಕಳೆದುಕೊಳ್ಳುತ್ತದೆ. ನಿಮ್ಮ ಟರ್ಬೊ ಹೆಚ್ಚು ತಿರುಗಿ ಆ ಕೊರತೆಯನ್ನು ತುಂಬಿಕೊಳ್ಳುತ್ತದೆ, ಆದರೆ ಆ ತಿರುಗುವಿಕೆಗೆ ತುಸು ಹೆಚ್ಚು ಸಮಯ ಬೇಕು. ಘಾಟಿ ಇಳಿದು ಉಪ್ಪಿನಂಗಡಿ ದಾಟಿದ ಮೇಲೆ ಅದೇ ಮೋಡ್‌ನಲ್ಲಿ ಕಾರು ಸ್ವಲ್ಪ ಹಗುರಾಗಿ ಮುನ್ನುಗ್ಗುತ್ತದೆ ಅನಿಸಿದರೆ ಅದಕ್ಕೆ ಇದೂ ಒಂದು ಕಾರಣ.

ಈಗ ಮೆಕ್ಯಾನಿಕ್ ಹೇಳಿದ ಮಾತು. ಸ್ಪೋರ್ಟ್ ಮೋಡ್ ತಾನಾಗಿ ಎಂಜಿನ್ ಕೆಡಿಸುವುದಿಲ್ಲ. ಎಂಜಿನ್ನನ್ನು ಕಾಯುವ ಮಿತಿಗಳು ಮೋಡ್‌ನ ಮಾತು ಕೇಳುವುದಿಲ್ಲ. ಆರ್‌ಪಿಎಂ ಮಿತಿ, ಟರ್ಬೊ ಒತ್ತಡದ ಮಿತಿ, ಹೊಗೆಯ ತಾಪಮಾನದ ಮಿತಿ, ಕೂಲೆಂಟ್ ಬಿಸಿಯಾದರೆ ಶಕ್ತಿ ತಗ್ಗಿಸುವ ವ್ಯವಸ್ಥೆ ಎಲ್ಲ ಮೋಡ್‌ನಲ್ಲೂ ಕಾವಲಿರುತ್ತವೆ. ನಾಕ್ ಸೆನ್ಸರ್ ಕೂಡ ಹಾಗೆಯೇ. ಪೆಟ್ರೋಲ್‌ನ ಆಕ್ಟೇನ್ (ತಾನಾಗಿ ಹೊತ್ತಿಕೊಳ್ಳದಂತೆ ತಡೆಯುವ ಗುಣ) ಸಾಲದೆ ಸಿಲಿಂಡರಿನಲ್ಲಿ ಅಕಾಲಿಕ ಸ್ಫೋಟ ಆಗುವ ಸೂಚನೆ ಕಂಡರೆ ಅದು ಕಿಡಿಯನ್ನು ಹಿಂದಕ್ಕೆ ಸರಿಸುತ್ತದೆ, ಟಾರ್ಕ್ ಇಳಿಯುತ್ತದೆ. ನೀವು ಸ್ಪೋರ್ಟ್‌ನಲ್ಲಿದ್ದರೂ ಅಷ್ಟೇ. ಕಾರಿನ ಚುರುಕು ಮುಖ್ಯ ಅನ್ನುವವರು ಮೋಡ್‌ಗಿಂತ ಮೊದಲು ಟ್ಯಾಂಕಿಗೆ ಏನು ಹಾಕಿಸುತ್ತೇವೆ ಎಂದು ಯೋಚಿಸಬೇಕು. ಪೆಟ್ರೋಲ್ ಮುಚ್ಚಳದ ಒಳಗೆ ತಯಾರಕರು ಬರೆದಿರುವ ಆಕ್ಟೇನ್ ಸಂಖ್ಯೆ ನೋಡಿ ಅದಕ್ಕೆ ಕಡಿಮೆಯಾಗದಂತೆ ನೋಡಿಕೊಳ್ಳಿ.

ಆದರೆ ಮೆಕ್ಯಾನಿಕ್ ಅವರ ಮಾತಿನಲ್ಲಿ ಒಂದು ತಿರುಳಿದೆ, ಅದನ್ನು ತಳ್ಳಿಹಾಕಬೇಡಿ. ಬೆಳಿಗ್ಗೆ ಎಣ್ಣೆ ತಣ್ಣಗಿರುವಾಗ ಸ್ಪೋರ್ಟ್ ಬೇಡವೇ ಬೇಡ. ಸ್ಪೋರ್ಟ್‌ನಲ್ಲಿ ಗೇರ್‌ಬಾಕ್ಸ್ ಕೆಳಗಿನ ಗೇರನ್ನು ಹಿಡಿದಿಟ್ಟುಕೊಳ್ಳುತ್ತದೆ, ಆರ್‌ಪಿಎಂ ಮೇಲೇ ಇರುತ್ತದೆ. ಗಟ್ಟಿಯಾದ ತಣ್ಣನೆಯ ಎಣ್ಣೆಯಲ್ಲಿ ಬೇರಿಂಗ್‌ಗೂ ಟರ್ಬೊವಿಗೂ ಅದು ಒಳ್ಳೆಯದಲ್ಲ. ಕೂಲೆಂಟ್ ಬೇಗ ಬಿಸಿಯಾಗುತ್ತದೆ, ಎಣ್ಣೆ ಅದಕ್ಕಿಂತ ಎಷ್ಟೋ ನಿಧಾನ. ಎಣ್ಣೆಯ ತಾಪಮಾನ 80 ಡಿಗ್ರಿ ದಾಟುವವರೆಗೆ ಕಂಫರ್ಟ್‌ನಲ್ಲಿ ಮೆತ್ತಗೆ ಓಡಿಸಿ. ಬಿಎಂಡಬ್ಲ್ಯುವಿನ ಎಷ್ಟೋ ಎಂ ಕಾರುಗಳಲ್ಲಿ ಆರ್‌ಪಿಎಂ ತೋರಿಸುವ ಟ್ಯಾಕೋಮೀಟರಿನ ಎಚ್ಚರಿಕೆಯ ವಲಯ ತಣ್ಣಗಿದ್ದಾಗ ಕೆಳಗೆ ಇದ್ದು, ಎಣ್ಣೆ ಬಿಸಿಯಾದಂತೆ ಮೇಲೆ ಸರಿಯುವುದು ಈ ಕಾರಣಕ್ಕೇ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸ್ಪೋರ್ಟ್ ಹಾಕಿಕೊಂಡು ಕೂರುವುದರಿಂದ ಸಿಗುವುದು ಬಿಸಿ, ಜರ್ಕ್, ಕಡಿಮೆ ಮೈಲೇಜ್. ಬೇರೇನೂ ಇಲ್ಲ.

ಪ್ರತಿ ಸಲ ಕಂಫರ್ಟ್‌ಗೆ ಮರಳುವುದಕ್ಕೆ ಕಾರಣ ಹೆಚ್ಚಾಗಿ ಕಾನೂನಿನ ಲೆಕ್ಕ. ಯುರೋಪಿನ ಡಬ್ಲ್ಯುಎಲ್‌ಟಿಪಿ ಪರೀಕ್ಷೆಯಲ್ಲಿ, ಹಿಂದೆ ಯಾವ ಮೋಡ್‌ನಲ್ಲಿ ನಿಲ್ಲಿಸಿದ್ದರೂ ಸ್ಟಾರ್ಟ್ ಮಾಡಿದಾಗ ತಾನಾಗಿ ಬರುವ ಒಂದೇ ಮೋಡ್ ಇದ್ದರೆ ಇಂಧನ ಬಳಕೆಯನ್ನೂ ಹೊಗೆಯನ್ನೂ ಆ ಮೋಡ್‌ನಲ್ಲಿ ಅಳೆಯುತ್ತಾರೆ. ಕಾರು ಕೊನೆಯ ಮೋಡ್ ನೆನಪಿಟ್ಟುಕೊಂಡರೆ ಆ ಅನುಕೂಲ ಹೋಗುತ್ತದೆ. ಬೆಳಗಿನ ತಣ್ಣನೆಯ ಎಂಜಿನ್ನಿಗೂ ಇದೇ ಕ್ಷೇಮ, ಹಾಗಾಗಿ ಇದನ್ನು ತೊಂದರೆ ಎಂದುಕೊಳ್ಳಬೇಡಿ.

ಶಿರಾಡಿಯಲ್ಲಿ ಏನು ಮಾಡಬೇಕು? ಅಲ್ಲಿ ತಿರುವುಗಳಿಗಿಂತ ಹೆಚ್ಚು ಲೆಕ್ಕಕ್ಕೆ ಬರುವುದು ಟ್ಯಾಂಕರ್‌ಗಳೂ ಲಾರಿಗಳೂ ಮತ್ತು ಮಳೆ. ನನ್ನ ಸಲಹೆ: ಎಂಜಿನ್ ಕಂಫರ್ಟ್‌ನಲ್ಲಿರಲಿ, ಗೇರ್‌ಬಾಕ್ಸ್ ಮಾತ್ರ ಸ್ಪೋರ್ಟ್‌ನಲ್ಲಿರಲಿ. ಮೋಡ್ ಕಂಫರ್ಟ್ ಇಟ್ಟು ಗೇರ್ ಲಿವರನ್ನು ಎಡಕ್ಕೆ ತಳ್ಳಿದರೆ ಇಷ್ಟು ಸಾಧ್ಯ. ಬೇಕಾದಂತೆ ಹೊಂದಿಸಿಕೊಳ್ಳುವ ಸ್ಪೋರ್ಟ್ ಇಂಡಿವಿಜುವಲ್ ಮೋಡ್‌ನಲ್ಲೂ ಹೀಗೆ ಜೋಡಿಸಿಕೊಳ್ಳಬಹುದು. ಹತ್ತುವಾಗ ಕೆಳಗಿನ ಗೇರು ಸಿದ್ಧವಿರುತ್ತದೆ, ಎದುರು ಖಾಲಿ ಕಂಡ ಆ ಕೆಲವೇ ಸೆಕೆಂಡುಗಳಲ್ಲಿ ಒಂದು ಸೆಕೆಂಡನ್ನು ಗೇರ್‌ಬಾಕ್ಸಿನ ಯೋಚನೆಗೆ ಕಳೆದುಕೊಳ್ಳುವುದಿಲ್ಲ. ಇಳಿಯುವಾಗ ಎಂಜಿನ್ ಬ್ರೇಕಿಂಗ್ ಸಿಗುತ್ತದೆ, ಬ್ರೇಕ್ ಅಷ್ಟು ಬಿಸಿಯಾಗುವುದಿಲ್ಲ. ಪೆಡಲ್ ಮಾತ್ರ ಸಾವಧಾನವಾಗಿಯೇ ಉಳಿಯುತ್ತದೆ. ಅದು ಏಕೆ ಮುಖ್ಯ ಎಂದರೆ, ಗುಂಡಿ ಬಿದ್ದ ರಸ್ತೆಯಲ್ಲಿ ಕಾರು ಕುಲುಕಿದಾಗ ನಿಮ್ಮ ಪಾದವೂ ಕುಲುಕುತ್ತದೆ. ಸ್ಪೋರ್ಟ್ ಕೋಷ್ಟಕದಲ್ಲಿ ಆ ಚಿಕ್ಕ ಕುಲುಕಿಗೂ ಎಂಜಿನ್ ಉತ್ತರ ಕೊಡುತ್ತದೆ. ಒದ್ದೆ ತಿರುವಿನ ನಡುವೆ ಅದು ಬೇಡ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆ ಎಂಬ ಧೈರ್ಯ ಮುಂದೆ ನುಗ್ಗಲು ಸಾಕು, ಒದ್ದೆ ರಸ್ತೆಯಲ್ಲಿ ನಿಲ್ಲಲು ಅಲ್ಲ. ಸ್ಪೋರ್ಟ್ ಪ್ಲಸ್ ಅನ್ನು ಸಾರ್ವಜನಿಕ ರಸ್ತೆಯಲ್ಲಿ ಮುಟ್ಟಲೇಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಅಲ್ಲಿ ಸ್ಥಿರತೆ ಕಾಯುವ ವ್ಯವಸ್ಥೆಯ ಹಿಡಿತ ಸಡಿಲವಾಗುತ್ತದೆ, ಚಕ್ರ ಹೆಚ್ಚು ಜಾರಲು ಬಿಡುತ್ತದೆ. ರೇಸ್ ಟ್ರ್ಯಾಕಿನಲ್ಲಿ ಜಾರಿದರೆ ಪಕ್ಕದಲ್ಲಿ ಜಾಗವಿರುತ್ತದೆ. ಶಿರಾಡಿಯಲ್ಲಿ ಇರುವುದು ಕಣಿವೆ.

ನೀವು ಕೇಳದಿದ್ದರೂ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಇದನ್ನು ಮಾರಲು ಬರುವವರು ಬಹಳ. ಪೆಡಲ್ ಬಾಕ್ಸ್ ಅಥವಾ ಥ್ರಾಟಲ್ ಕಂಟ್ರೋಲರ್ ಎಂಬ ಚಿಕ್ಕ ಪೆಟ್ಟಿಗೆ ಹಾಕಿದರೆ ಪಿಕಪ್ ಹೆಚ್ಚುತ್ತದೆ ಎನ್ನುತ್ತಾರೆ. ಅದು ಪೆಡಲ್ ಮತ್ತು ಕಂಪ್ಯೂಟರಿನ ನಡುವೆ ಕೂತು ಸೆನ್ಸರಿನ ಸಂಕೇತವನ್ನು ದೊಡ್ಡದು ಮಾಡುತ್ತದೆ, ಅಷ್ಟೆ. ಎಂಜಿನ್ನಿಗೆ ಒಂದು ಎಚ್‌ಪಿಯನ್ನೂ ಸೇರಿಸುವುದಿಲ್ಲ. ಅದು ಮಾಡುವ ಕೆಲಸವನ್ನು ನಿಮ್ಮ ಸ್ಪೋರ್ಟ್ ಗುಂಡಿ ಈಗಾಗಲೇ ಚೆನ್ನಾಗಿ ಮಾಡುತ್ತಿದೆ. ಇಸಿಯು ರೀಮ್ಯಾಪ್, ಅಂದರೆ ಎಂಜಿನ್ ಕಂಪ್ಯೂಟರಿನ ಕೋಷ್ಟಕಗಳನ್ನೇ ತಿದ್ದುವುದು, ಬೇರೆ ವಿಷಯ, ಅಲ್ಲಿ ಟರ್ಬೊ ಒತ್ತಡದ ಮಿತಿಯೇ ಬದಲಾಗಿ ಶಕ್ತಿ ನಿಜವಾಗಿ ಏರುತ್ತದೆ. ಜೊತೆಗೆ ವಾರಂಟಿಯ ಚಿಂತೆಯೂ ಗೇರ್‌ಬಾಕ್ಸಿನ ಮೇಲಿನ ಹೊರೆಯೂ ಏರುತ್ತವೆ. ಹಳೆಯ ಮಾಲೀಕರು ಅಂಥದ್ದೇನಾದರೂ ಮಾಡಿಸಿದ್ದಾರೆಯೇ ಎಂದು ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ.

ಗೆಳೆಯರನ್ನು ಒಪ್ಪಿಸಬೇಕೆಂದಿದ್ದರೆ ವಾದ ಬೇಡ, ಅಳೆದು ತೋರಿಸಿ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಅಥವಾ ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲಿ ಟ್ರ್ಯಾಕ್ ದಿನ ಇದ್ದಾಗ ಹೋಗಿ. ಗೇರನ್ನು ಮ್ಯಾನ್ಯುವಲ್‌ಗೆ ಹಾಕಿ, 4ನೇ ಗೇರಿನಲ್ಲಿ ಗಂಟೆಗೆ 50 ಕಿ.ಮೀ. ಸ್ಥಿರವಾಗಿ ಹಿಡಿದುಕೊಳ್ಳಿ. ಎಂಜಿನ್ ಆಗ ಸುಮಾರು 2,000 ಆರ್‌ಪಿಎಂನಲ್ಲಿರುತ್ತದೆ. ಅಲ್ಲಿಂದ ಪೆಡಲ್ ಪೂರ್ತಿ ಒತ್ತಿ, ತಳದಲ್ಲಿ ಸಿಗುವ, ಗೇರು ಇಳಿಸುವ ಕಿಕ್‌ಡೌನ್ ಕ್ಲಿಕ್ ದಾಟಬೇಡಿ, 100 ಮುಟ್ಟುವವರೆಗಿನ ಸಮಯ ಅಳೆಯಿರಿ. ಕಂಫರ್ಟ್‌ನಲ್ಲೂ ಸ್ಪೋರ್ಟ್‌ನಲ್ಲೂ ಹಲವು ಸಲ ಮಾಡಿ. ಕಾರಿನ ದೋಷ ಪರೀಕ್ಷೆಗೆಂದು ಇರುವ ಒಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಚಿಕ್ಕ ಸಾಧನ ಇದ್ದರೆ ಪೆಡಲ್‌ನ ಸ್ಥಾನ, ಥ್ರಾಟಲ್‌ನ ಸ್ಥಾನ, ಮ್ಯಾನಿಫೋಲ್ಡ್ ಒತ್ತಡ ಮೂರನ್ನೂ ಮೊಬೈಲ್‌ನಲ್ಲಿ ದಾಖಲಿಸಿಕೊಳ್ಳಿ. ಒತ್ತಿದ ಮೊದಲ ಕ್ಷಣಗಳಲ್ಲಿ ಎರಡು ಗೆರೆಗಳು ಬೇರೆ ಬೇರೆ ಏರಬಹುದು, ಒತ್ತಡ ಪೂರ್ತಿ ಏರಿದ ಮೇಲೆ ಒಂದರ ಮೇಲೊಂದು ಕೂರುತ್ತವೆ. ಆಮೇಲೆ ಪೆಡಲನ್ನು ಕಾಲು ಭಾಗ ಮಾತ್ರ ಒತ್ತಿ ಅದೇ ಪ್ರಯೋಗ ಮಾಡಿ. ಮೋಡ್‌ಗಳ ನಡುವಿನ ಅಂತರ ಕಾಣುವುದು ಆಗ.